ಬಾಯಾರು ನಮ್ಮ ಗಾಡಿ ಹತ್ತಿದ ವರ್ಷ

ಹೋದ ವಾರ ವಿಜಯಪುರದಲ್ಲಿ, ಸೊಲ್ಲಾಪುರ ರಸ್ತೆಯ ಒಂದು ಇಸ್ತ್ರಿ ಅಂಗಡಿಯ ಮುಂದೆ ಸುಮ್ಮನೆ ನಿಂತುಬಿಟ್ಟೆ. ದವಾಖಾನೆಯ ಕೆಲಸಕ್ಕೆ ಹೊತ್ತಾಗಿತ್ತು. ಒಳಗೆ ಒಬ್ಬಾತ ಗಂಜಿ ಹಾಕಿದ ಬಿಳಿ ಸೀರೆಗೆ ನೀರು ಚಿಮುಕಿಸಿ, ಇದ್ದಿಲು ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಅದರ ಮೇಲೆ ಎಳೆಯುತ್ತಿದ್ದ. ಕಾದ ಗಂಜಿಯ ವಾಸನೆ, ಅದರ ಬೆನ್ನಿಗೆ ತಳ ಹತ್ತಿದ ಅನ್ನದಂಥ ಇನ್ನೊಂದು ವಾಸನೆ... ಅದು ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ನಲವತ್ತೇಳು ವರ್ಷದ ಹೆಂಗಸು ನಾನು, ಉಗುರು ಸ್ವಚ್ಛ ಇವೆಯೇ ಎಂದು ಕೈ ತಿರುಗಿಸಿ ನೋಡಿಕೊಂಡೆ.

ಬಾಯಾರ ವಾಸನೆ ಅದು.

ನಮ್ಮ ಕಡೆ ನರ್ಸ್ ಕೆಲಸದ ಹೆಂಗಸರನ್ನು ಬಾಯಾರು ಎನ್ನುವುದು ವಾಡಿಕೆ. ಅವರು ನಾನು ಓದುತ್ತಿದ್ದ ಮಿಶನ್ ನರ್ಸಿಂಗ್ ಕಾಲೇಜಿನ ಮೇಟ್ರನ್, ಹಾಸ್ಟೆಲಿನ ಯಜಮಾನಿಯೂ ಅವರೇ. ಮದುವೆಯಾಗಿರಲಿಲ್ಲ. ಮುಂಜಾನೆ ಪ್ರಾರ್ಥನೆಗೆ ಬರುವಾಗ ಅವರ ಸೀರೆ ಕಾಗದದ ಹಾಗೆ ಸದ್ದು ಮಾಡುತ್ತಿತ್ತು. ಆ ಸದ್ದು ಕೇಳಿದರೆ ನಾವು ನಲವತ್ತು ಹುಡುಗಿಯರೂ ಮಾತು ನಿಲ್ಲಿಸುತ್ತಿದ್ದೆವು. ಹೊಡೆದವರಲ್ಲ, ಬೈದವರಲ್ಲ. ಜ್ವರ ಬಂದ ಹುಡುಗಿಯ ಹಾಸಿಗೆಯ ಪಕ್ಕ ತಾವೇ ಕೂತು ಗಂಜಿ ಕುಡಿಸುತ್ತಿದ್ದರು. ಆದರೆ ಅವರ ಕಣ್ಣಿಗೆ ತಪ್ಪು ಎಂದು ಕಂಡದ್ದು ತಪ್ಪೇ. ಅದರಲ್ಲಿ ಸಣ್ಣದು ದೊಡ್ಡದು ಎಂಬುದಿರಲಿಲ್ಲ.

ನಾನು ಜೈನಾಪುರದವಳು. ನಮ್ಮದು ಬೌದ್ಧರ ಮನೆ. ಅಪ್ಪ ಸರಕಾರಿ ಕಚೇರಿಯಲ್ಲಿ ಜವಾನ. ನನ್ನ ಗೆಳತಿ ಘೋಣಸಗಿಯ ಒಕ್ಕಲುತನದ ಮನೆಯವಳು. ಎರಡನೆಯ ವರ್ಷದಲ್ಲಿ ಇಬ್ಬರಿಗೂ ಇಪ್ಪತ್ತು ತುಂಬಿತ್ತು. ಒಂದು ಭಾನುವಾರ ಎಲ್ಲರೂ ಚರ್ಚಿಗೆ ಹೋದಾಗ ವಾರ್ಡಿನ ಚಾದರಗಳನ್ನು ಮಡಚಿಡುವ ಪಾಳಿ ನಮ್ಮದಾಗಿತ್ತು. ಚಾದರ ಮಡಚುವುದು ಇಬ್ಬರ ಕೆಲಸ. ಆ ತುದಿ ಅವಳು, ಈ ತುದಿ ನಾನು. ಮಡಿಕೆ ಸಣ್ಣದಾಗುತ್ತ ಬಂದ ಹಾಗೆ ಇಬ್ಬರೂ ಹತ್ತಿರ ಬರಲೇಬೇಕು... ಅವಳ ಹಣೆಗೆ ನನ್ನ ಹಣೆ ಹಚ್ಚಿ, ಎರಡೂ ಕೈ ಹಿಡಿದು ನಿಂತಿದ್ದೆ. ಬಹಳ ಹೊತ್ತು ನಿಂತಿದ್ದೆವೆಂದು ಕಾಣುತ್ತದೆ. ಸೀರೆಯ ಸದ್ದು ಕೇಳಿಸಲೇ ಇಲ್ಲ.

ಬಾಯಾರು ಚಾದರಗಳನ್ನು ಎಣಿಸಿದರು. ಬಾಗಿಲು ತೆರೆದೇ ಬಿಟ್ಟು ಹೋದರು.

ಮರುದಿನ ಮಧ್ಯಾಹ್ನ ನನ್ನಪ್ಪ ಬಸ್ಸಿಗೆ ಬಂದ. ಕಚೇರಿಯ ಹೊರಗೆ ನಿಂತಿದ್ದ ನನ್ನನ್ನು ನೋಡಿ, "ಊಟ ಮಾಡೀಯೇನ?" ಎಂದು ಕೇಳಿದ. ಅದರ ಮೇಲೆ ಆ ವಿಷಯವಾಗಿ ಅವನು ಸಾಯುವ ತನಕ ಏನೂ ಕೇಳಲಿಲ್ಲ. ಘೋಣಸಗಿಯಿಂದ ಬಂದದ್ದು ಜೀಪು. ಅದರೊಳಗಿಂದ ನಾಲ್ಕು ಜನ ಗಂಡಸರು ಇಳಿದರು. ಅವಳ ತಂದೆ ಅವರಲ್ಲಿ ಇರಲಿಲ್ಲ. ಅವಳ ಟ್ರಂಕನ್ನು ಮೇಲೆ ಎಸೆದು, ಅವಳನ್ನು ನಡುವೆ ಕೂಡಿಸಿಕೊಂಡು ಹೋದರು. ಹದಿನೈದು ದಿನದಲ್ಲಿ ಮದುವೆ. ಹೆಂಡತಿ ಸತ್ತ, ದೂರದ ಸಂಬಂಧಿಯೊಬ್ಬನಿಗೆ ಕೊಟ್ಟರು. ಎಂಟು ತಿಂಗಳಿಗೆ ಸತ್ತಳು. ಹೊಟ್ಟೆನೋವು ಎಂದು ಒಬ್ಬರು, ಬಾವಿ ಎಂದು ಇನ್ನೊಬ್ಬರು. ನನಗೆ ತಿಳಿಯುವ ಹೊತ್ತಿಗೆ ಅವಳನ್ನು ಗಂಡನ ಹೊಲದಲ್ಲಿ ಮಣ್ಣು ಮಾಡಿ ಒಂದೂವರೆ ತಿಂಗಳಾಗಿತ್ತು. ನಾನು ಆ ಹೊಲ ನೋಡಿಲ್ಲ.

ನನ್ನ ಓದು ಅಲ್ಲಿಗೇ ನಿಂತಿತು. ವಿಜಯಪುರದ ಒಂದು ಖಾಸಗಿ ದವಾಖಾನೆಯಲ್ಲಿ ಡ್ರೆಸ್ಸಿಂಗ್ ಮಾಡುವ ಕೆಲಸಕ್ಕೆ ಸೇರಿದೆ. ರೋಗಿಗಳು ಸಿಸ್ಟರ್ ಎಂದು ಕರೆಯುತ್ತಾರೆ. ಸರ್ಟಿಫಿಕೇಟ್ ಇಲ್ಲದ ಸಿಸ್ಟರ್.

ಲೈಂಗಿಕ ಅಲ್ಪಸಂಖ್ಯಾತರ ಸಂಘದವರ ಪರಿಚಯವಾದದ್ದೂ ದವಾಖಾನೆಯಲ್ಲೇ. ಟಿಕೋಟಾದ ಒಬ್ಬ ಮಂಗಳಮುಖಿ, ನಾವೆಲ್ಲ ಅಕ್ಕ ಎಂದು ಕರೆಯುವವಳು, ತಲೆ ಒಡೆಸಿಕೊಂಡು ಬಂದಿದ್ದಳು. ಹೊಲಿಗೆ ಹಾಕುವಾಗ ನನ್ನ ಮುಖ ನೋಡುತ್ತ, "ನೀನೂ ನಮ್ಮಾಕೀನ ಏನಬೇ?" ಎಂದಳು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಮುಂದಿನ ಭಾನುವಾರ ಅವಳ ಸಂಘದ ಖೋಲಿಯಲ್ಲಿ ಕೂತಿದ್ದೆ. ಸೊಲ್ಲಾಪುರ ರಸ್ತೆಯ ಒಂದು ಮೋಟಾರು ಗ್ಯಾರೇಜಿನ ಮೇಲಿನ ಎರಡು ಖೋಲಿ. ಕೆಳಗೆ ತಗಡು ಬಡಿಯುವ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಹಾಗಾಗಿ ಅಲ್ಲಿ ಯಾರೂ ಪಿಸುಗುಡುತ್ತಿರಲಿಲ್ಲ. ಅದೇ ನನಗೆ ಹಿಡಿಸಿತು.

ಏಳು ವರ್ಷದ ಹಿಂದಿನ ಮಾತಿದು. ಆಗ ಸಂಘ ಕಾಲೇಜುಗಳಿಗೆ ಹೋಗುವ ಕೆಲಸ ಹಚ್ಚಿಕೊಂಡಿತ್ತು. ನಮ್ಮ ಕೈಯಲ್ಲಿ ಒಂದೇ ಪುಟದ ಪತ್ರ, ಅದರಲ್ಲಿ ಒಂದೇ ಬೇಡಿಕೆ: ಇಬ್ಬರು ಹುಡುಗಿಯರ ಮೇಲೋ ಇಬ್ಬರು ಹುಡುಗರ ಮೇಲೋ ಇಂಥ ದೂರು ಬಂದರೆ, ಅವರನ್ನು ಕೇಳದೆ ಮನೆಗೆ ಸುದ್ದಿ ಮುಟ್ಟಿಸಬೇಡಿ. ಅಷ್ಟೇ. ಬೇರೆ ಕಾಲೇಜಿನವರು ಪತ್ರ ಇಸಿದುಕೊಂಡು ಮರೆಯುತ್ತಿದ್ದರು. ಮಿಶನ್ ಕಾಲೇಜುಗಳು ಮಾತ್ರ ಗೇಟೇ ತೆಗೆಯುತ್ತಿರಲಿಲ್ಲ. ಒಮ್ಮೆ ಗೇಟಿನ ಹೊರಗೆ ಎರಡು ತಾಸು ಬಿಸಿಲಲ್ಲಿ ನಿಂತು ಬಂದದ್ದು ಊರ ಪತ್ರಿಕೆಯಲ್ಲಿ ಸಣ್ಣದಾಗಿ ಬಂತು.

ಅದನ್ನು ಓದಿ ಬಾಯಾರು ಬಂದರು.

ಭಾನುವಾರ ಮಧ್ಯಾಹ್ನ. ಮೆಟ್ಟಿಲ ಮೇಲೆ ಗೋಡೆ ಹಿಡಿದು ಹತ್ತುವ ಸದ್ದಾಯಿತು. ನಾನು ಚಹಾ ಸೋಸುತ್ತಿದ್ದೆ. ಮೊದಲು ಬಂದದ್ದು ಗಂಜಿಯ ವಾಸನೆ, ಆಮೇಲೆ ಅವರು. ಅರವತ್ತೈದು ದಾಟಿತ್ತು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸೀರೆ ಮಾತ್ರ ಹಾಗೇ. ಕುರ್ಚಿಯ ಮೇಲೆ ಕೂತು, ಉಸಿರು ಸುಧಾರಿಸಿಕೊಂಡು, ಅಕ್ಕನಿಗೆ ಹೇಳಿದರು: "ನನ್ನ ಕೈಯಾಗ ಕಲತವರು ಎಲ್ಲಾ ಮಿಶನ್ ಕಾಲೇಜಿನ್ಯಾಗ ಅದಾರ. ಗೇಟು ನಾ ತಗಸ್ತೇನಿ. ನಿಮ್ಮ ಜೋಡಿ ನಾನೂ ಬರ್ತೇನಿ."

"ಯಾಕ್ರಿ ಬಾಯಾರ?" ಅಕ್ಕ ಕೇಳಿದಳು. ಅವಳಿಗೆ ಅವರು ಯಾರೆಂದು ಗೊತ್ತಿರಲಿಲ್ಲ.

"ನಾ ಒಂದ ಹುಡುಗಿನ ಕೊಂದೇನಿ."

ಕೆಳಗೆ ತಗಡು ಬಡಿಯುತ್ತಲೇ ಇದ್ದರು. ಬಾಯಾರು ಖೋಲಿಯ ಸುತ್ತ ನೋಡಿದರು. ನನ್ನ ಮೇಲೆ ಕಣ್ಣು ಹೋಗಿ, ದಾಟಿ, ಮತ್ತೆ ತಿರುಗಿ ಬಂತು. "ನೀ... ಜೈನಾಪುರದಾಕಿ ಅಲ್ಲೇನ?"

ನಾನು ಜರಡಿ ಅಲ್ಲೇ ಇಟ್ಟು ಇಳಿದುಹೋದೆ. ರಸ್ತೆಯ ಆಚೆ ಲಾರಿಯ ನೆರಳಲ್ಲಿ ನಿಂತೆ. ಅಕ್ಕ ಹಿಂದೆಯೇ ಬಂದಳು. ಎಲ್ಲ ಹೇಳಿದೆ. ಅವಳು, "ನೀ ಬ್ಯಾಡಂದ್ರ ಬ್ಯಾಡ. ಈಗ ಹೋಗಿ ಇಳಿಸಿ ಕಳಸ್ತೇನಿ" ಎಂದಳು.

ನನಗೆ ಸಿಟ್ಟಿತ್ತು. ಅದರ ಜೊತೆಗೆ ಇನ್ನೇನೋ ಇತ್ತು... ಇಪ್ಪತ್ತು ವರ್ಷ ನಾನೊಬ್ಬಳೇ ಹೊತ್ತ ಸತ್ತವಳನ್ನು ಈ ಹೆಂಗಸೂ ಹೊತ್ತಿದ್ದಾಳೆ ಎಂಬುದು ಆ ಕ್ಷಣಕ್ಕೆ ಗೊತ್ತಾಗಿತ್ತು. "ಬರ್ಲಿ" ಎಂದೆ. "ಮುಂದಿನ ಸೀಟಿನ್ಯಾಗ ಕುಂದ್ರಲಿ. ನನ್ನ ಮಾತಾಡಸೂದು ಬ್ಯಾಡ."

ಹಾಗೆ ಹೊರಟೆವು. ಒಂದು ಹಳೆಯ ಕ್ರೂಸರ್ ಗಾಡಿ. ಓಡಿಸುವವರು ನಾವು ಚಾಚಾ ಎನ್ನುತ್ತಿದ್ದ ವಯಸ್ಸಾದ ಮುಸಲ್ಮಾನರು. ಬಾಯಾರು ಅವರ ಪಕ್ಕ, ಅಕ್ಕ ಮತ್ತು ನಾನು ಹಿಂದೆ. ದಾರಿಯುದ್ದಕ್ಕೂ ನನಗೆ ಕಾಣುತ್ತಿದ್ದದ್ದು ಬಾಯಾರ ಬೆನ್ನು, ಕುತ್ತಿಗೆಯ ಮೇಲಿನ ಸಣ್ಣ ತುರುಬು, ಅದಕ್ಕೆ ಸಿಕ್ಕಿಸಿದ ಎರಡು ಪಿನ್ನು. ಎರಡೂ ಕಡೆ ಜೋಳದ ಹೊಲ, ನಡುನಡುವೆ ದ್ರಾಕ್ಷಿಯ ತೋಟಗಳು. ಬಾಯಾರು ತಿರುಗಿ ನೋಡುತ್ತಿರಲಿಲ್ಲ.

ಮೊದಲ ಕಾಲೇಜಿನ ಗೇಟು ಅವರ ಸೀರೆ ಕಂಡ ಕೂಡಲೇ ತೆರೆಯಿತು. ಪ್ರಿನ್ಸಿಪಾಲರು ಓಡಿ ಬಂದು ಕೈ ಮುಗಿದರು. ಬಾಯಾರಿಗೂ ನನಗೂ ಕಪ್ಪು-ಬಸಿಯಲ್ಲಿ ಚಹಾ ಬಂತು, ಅಕ್ಕನಿಗೆ ಕಾಗದದ ಕಪ್ಪಿನಲ್ಲಿ. ಪತ್ರವನ್ನು ಓದಿ, ಮೇಲೆ ಒಂದು ಗಾಜಿನ ಗುಂಡು ಇಟ್ಟು, "ನಿಮಗೋಸ್ಕರ ಪ್ರಾರ್ಥನೆ ಮಾಡ್ತೇವ್ರಿ" ಎಂದರು. ಅಷ್ಟಕ್ಕೆ ಮುಗಿಯಿತು. ಮರಳುವಾಗ ಬಾಯಾರು ಮುಂದೆ ನೋಡುತ್ತಲೇ ಅಕ್ಕನಿಗೆ ಹೇಳಿದರು: "ಆ ಕಾಗದದ ಕಪ್ಪು ನೋಡಿದ್ನಿ. ಸುಮ್ನ ಕುಂತೆ. ತಪ್ಪಾತು."

ಅಕ್ಕ ನಕ್ಕಳು. "ಅಯ್ಯ ಬಾಯಾರ, ಅದನ್ನೆಲ್ಲಾ ಹಿಡಕೊಂಡ್ರ ನಾ ಚಹಾನ ಕುಡಿಯಾಂಗಿಲ್ರಿ."

ಎರಡನೆಯದು ಬಬಲೇಶ್ವರ ದಾಟಿ ಬಹಳ ದೂರ, ಬೇರೆ ಜಿಲ್ಲೆಯ ಒಂದು ಡಿಗ್ರಿ ಕಾಲೇಜು. ಅಲ್ಲಿಯ ಪಾಸ್ಟರು ಸ್ವಲ್ಪ ಧೈರ್ಯದವರು. ಕಾಲೇಜಿನ ಹಾಲ್‌ನಲ್ಲಿ ಐವತ್ತು ಅರವತ್ತು ಹುಡುಗ ಹುಡುಗಿಯರನ್ನು ಕೂಡಿಸಿದ್ದರು. ಅಕ್ಕ ಮಾತಾಡಿದಳು, ಕೆಲವರು ಮುಸಿಮುಸಿ ನಕ್ಕರು. ಆಮೇಲೆ ಬಾಯಾರು ಎದ್ದರು. ಅವರು ಏನು ಹೇಳಲಿದ್ದಾರೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

"ನಾ ಹಾಸ್ಟೆಲಿನ ಮೇಟ್ರನ್ ಇದ್ದೆ. ಇಬ್ರು ಹುಡುಗ್ಯಾರನ್ನ ನೋಡಿದೆ. ಒಬ್ಬಾಕಿ ಅಪ್ಪ ಆಫೀಸಿನ್ಯಾಗ ಕೆಲಸಕ್ಕಿದ್ದ, ಅಲ್ಲಿ ಫೋನಿಗೆ ಅವನ ಬಂದ. ಇನ್ನೊಬ್ಬಾಕಿ ಊರಾಗ ಫೋನ್ ಇದ್ದದ್ದು ಕಿರಾಣಿ ಅಂಗಡ್ಯಾಗ. ಅಂಗಡಿಯಾಂವ ಎತ್ತಿದ. ತಂದೀನ ಕರೀರಿ ಅಂದೆ. ಹೊಲಕ್ಕ ಹೋಗ್ಯಾನ, ಸಂಜೀಕ ಬರ್ತಾನ, ಏನಂತ ಹೇಳ್ರಿ ಅಂದ. ಸಂಜೀತನಕ ಕಾಯಬೇಕಾಗಿತ್ತು ನಾನು..." ಅವರು ನಿಲ್ಲಿಸಿದರು. "ಕಾಯಲಿಲ್ಲ. ಎಲ್ಲಾ ಆ ಅಂಗಡಿಯಾಂವಗನ ಹೇಳಿದೆ. ಅಂಗಡ್ಯಾಗ ಅವಾಗ ಎಷ್ಟ ಮಂದಿ ಇದ್ರೋ, ಎಲ್ಲಾರೂ ಕೇಳಿದ್ರು. ತಂದೀಗೆ ಗೊತ್ತಾಗೂದರಾಗ ಊರಿಗೆಲ್ಲಾ ಗೊತ್ತಾಗಿತ್ತು."

ನಾನು ಹಿಂದಿನ ಬೆಂಚಿನಲ್ಲಿದ್ದೆ. ಇಪ್ಪತ್ತು ವರ್ಷ ನನ್ನನ್ನು ಕಾಡಿದ ಪ್ರಶ್ನೆ ಒಂದೇ: ಅವಳ ತಂದೆ ಬರದೆ ನಾಲ್ಕು ಜನ ಗಂಡಸರು ಯಾಕೆ ಬಂದರು? ಹದಿನೈದು ದಿನದ ಅವಸರ ಯಾಕೆ? ಅವಳ ತಂದೆ ಮೆದು ಮನುಷ್ಯ. ತಿಂಗಳಿಗೊಮ್ಮೆ ಹಾಸ್ಟೆಲಿಗೆ ಬಂದು ಶೇಂಗಾ ಹೋಳಿಗೆ ಕೊಟ್ಟುಹೋಗುತ್ತಿದ್ದವನು. ಸುದ್ದಿ ಅವನೊಬ್ಬನ ಕಿವಿಗೆ ಬಿದ್ದಿದ್ದರೆ ಅವನೂ ಬಸ್ಸಿಗೆ ಬರುತ್ತಿದ್ದನೋ ಏನೋ... ಊಟ ಮಾಡೀಯೇನ ಎಂದು ಕೇಳುತ್ತಿದ್ದನೋ ಏನೋ.

ಒಬ್ಬ ಹುಡುಗ ಎದ್ದು ನಿಂತ. "ಬಾಯಾರ, ಬೈಬಲಿನ್ಯಾಗ ಇದು ಪಾಪ ಅಂತ ಬರದೈತೆಲ್ರಿ?"

"ಐವತ್ತ ವರ್ಷ ಓದೇನಿ ತಮ್ಮಾ, ಏನ ಬರದೈತಿ ನಂಗೂ ಗೊತ್ತೈತಿ. ಸುಳ್ಳು ಸಾಕ್ಷಿ ಹೇಳಬ್ಯಾಡ ಅಂತನೂ ಬರದೈತಿ. ನಾ ಸುಳ್ಳು ಹೇಳಲಿಲ್ಲ. ಖರೇನ ಹೇಳಿ ಕೊಂದೆ."

ಹುಡುಗ ಕೂತ.

ಮರಳುವಾಗ ಬಬಲೇಶ್ವರದಲ್ಲಿ ಚಾಚಾ ಗಾಡಿಗೆ ನೀರು ಹಾಕಲು ನಿಲ್ಲಿಸಿದರು. ಅಕ್ಕನೂ ಇಳಿದಳು. ಗಾಡಿಯಲ್ಲಿ ನಾವಿಬ್ಬರೇ. ಬಾಯಾರು ಮೊದಲ ಸಲ ಹಿಂದೆ ತಿರುಗಿದರು. ಪೂರ್ತಿ ತಿರುಗಲು ಬೆನ್ನು ಬಾಗುತ್ತಿರಲಿಲ್ಲ. ಅರ್ಧ ಮುಖ ಕಾಣುತ್ತಿತ್ತು.

"ನಿನ್ನ ಕಡೆ ಮಾಫಿ ಕೇಳೂ ಹಕ್ಕು ನನಗಿಲ್ಲ, ಗೊತ್ತೈತಿ. ಆದ್ರೂ ಕೇಳ್ತೇನವ್ವಾ."

"ನನ್ನ ಪಾಲಿಂದು ಯಾವಾಗೋ ಬಿಟ್ಟೇನ್ರಿ" ಎಂದೆ. "ಆಕಿ ಪಾಲಿಂದು ಬಿಡಾಕ ನಾ ಯಾರು?"

ಅವರು ತಲೆದೂಗಿದರು. "ಬರೋಬ್ಬರಿ ಐತಿ" ಎಂದರು. ಮತ್ತೆ ಮುಂದೆ ತಿರುಗಿದರು. ನಾನು ಹೇಳಿದ ಮೊದಲರ್ಧ ಸುಳ್ಳಾಗಿತ್ತು. ಅದು ಅವರಿಗೂ ಗೊತ್ತಿತ್ತೆಂದು ನನಗನ್ನಿಸುತ್ತದೆ.

ಮೂರನೆಯದು ನಮ್ಮದೇ ಕಾಲೇಜು. ಬೇಡ ಎಂದೆ. ಅಕ್ಕನೂ ಬೇಡ ಎಂದಳು. ಬಾಯಾರು ಕೇಳಲಿಲ್ಲ. "ಅಲ್ಲಿ ಹೇಳಲಿಲ್ಲಂದ್ರ ಬ್ಯಾರೆ ಎಲ್ಲೆ ಹೇಳಿದ್ರೂ ಏನ ಬಂತು?"

ಹಳೆಯ ಮೇಟ್ರನ್ ಬಂದಿದ್ದಾರೆಂದು ಅಲ್ಲಿ ಹಬ್ಬದಂತಾಯಿತು. ಮುಂಜಾನೆಯ ಪ್ರಾರ್ಥನೆಯಲ್ಲಿ ಎರಡು ಮಾತು ಹೇಳಿ ಎಂದು ಅವರೇ ಕರೆದರು. ಕಟ್ಟೆಯ ಮೇಲೆ ಹತ್ತುವಾಗ ಬಾಯಾರು ವರಾಂಡದಲ್ಲಿ ನಿಂತ ಹುಡುಗಿಯರ ಕೈಗೆ ನಮ್ಮ ಪತ್ರವನ್ನು ಒಂದೊಂದಾಗಿ ಕೊಡುತ್ತ ಹೋದರು. ನಾನು ಕೆಳಗೆ, ಬೇವಿನ ಗಿಡದ ಹತ್ತಿರ ನಿಂತಿದ್ದೆ. ಚಾದರ ಮಡಚುವ ಖೋಲಿ ಎದುರಿಗೇ ಇತ್ತು. ಅದರ ಬಾಗಿಲಿಗೆ ಹೊಸ ಬಣ್ಣ ಬಳಿದಿದ್ದರು.

ಬಾಯಾರು ಫೋನಿನ ಮಾತಿಗೆ ಬರುವ ಹೊತ್ತಿಗೆ ಮೈಕು ಬಂದ್ ಆಯಿತು. ಅವರು ಮೈಕಿಲ್ಲದೆ ಮುಂದುವರಿಸಿದರು. ಆಗ ಪ್ರಿನ್ಸಿಪಾಲರು ಎದ್ದು ಕೈ ಮಾಡಿದರು. ಹುಡುಗಿಯರೆಲ್ಲ ಎದ್ದು ಹಾಡತೊಡಗಿದರು. ನೂರಕ್ಕೂ ಮೇಲಿನ ಗಂಟಲು. ಆ ಹಾಡನ್ನು ನನಗೂ ಬಾಯಾರೇ ಕಲಿಸಿದ್ದರು. ಹಾಡು ಮುಗಿಯಲಿ ಎಂದು ಅವರು ಕಾದರು. ಮುಗಿದ ಕೂಡಲೇ ಬಾಯಿ ತೆರೆದರು. ಇನ್ನೊಂದು ಹಾಡು ಸುರುವಾಯಿತು. ಅದಕ್ಕೂ ಕಾದರು. ನೋಡುತ್ತಿದ್ದ ಹಾಗೆ ಅವರ ತುಟಿ ಹಾಡಿನ ಜೊತೆ ತಾನಾಗಿ ಅಲ್ಲಾಡತೊಡಗಿತ್ತು... ಬೇಕೆಂದು ಅಲ್ಲ. ನಲವತ್ತು ವರ್ಷದ ರೂಢಿ. ಮೂರನೆಯ ಹಾಡಿನ ನಡುವೆ ಈಗಿನ ಮೇಟ್ರನ್, ಅವರದೇ ಶಿಷ್ಯೆ, ಅಳುತ್ತ ಬಂದು ತೋಳು ಹಿಡಿದು ಇಳಿಸಿದಳು. "ಸಾಕ್ರಿ ಬಾಯಾರ, ಬರ್ರಿ, ನಿಮ್ಮ ಕಾಲಿಗೆ ಬೀಳ್ತೇನಿ" ಎನ್ನುತ್ತಿದ್ದಳು.

ಇಷ್ಟರಲ್ಲೇ ಮುಗಿದಿದ್ದರೆ ಅದನ್ನು ಒಂದು ಅವಮಾನವೆಂದು ನುಂಗಿಕೊಳ್ಳಬಹುದಿತ್ತು. ಮುಗಿಯಲಿಲ್ಲ.

ನಾಲ್ಕನೆಯ ದಿನ ಸುದ್ದಿ ಬಂತು. ಬಾಯಾರು ಹಂಚಿದ ಪತ್ರಗಳನ್ನೆಲ್ಲ ವಾಪಸು ಕೊಡಬೇಕೆಂದು ಹಾಸ್ಟೆಲಿನಲ್ಲಿ ಹೇಳಿದ್ದರು. ಒಂದು ಪತ್ರ ಕಡಿಮೆ ಬಿತ್ತು. ಟ್ರಂಕುಗಳನ್ನು ತೆರೆದು ನೋಡಿದರು. ಒಬ್ಬ ಹುಡುಗಿಯ ಬಟ್ಟೆಯ ಅಡಿಯಲ್ಲಿ ಆ ಪತ್ರ ಸಿಕ್ಕಿತು, ಅದರ ಜೊತೆ ಇನ್ನೊಬ್ಬಳು ಬರೆದ ಚೀಟಿಗಳು. ಇಬ್ಬರ ಮನೆಗೂ ಫೋನ್ ಹೋಯಿತು. ಇಬ್ಬರನ್ನೂ ಮನೆಯವರು ಕರೆದುಕೊಂಡು ಹೋದರು. ಒಬ್ಬಳು ಬಬಲೇಶ್ವರದ ಕಡೆಯವಳು. ಇನ್ನೊಬ್ಬಳು ದೂರದ ಜಿಲ್ಲೆಯವಳು. ಯಾವ ಊರೆಂದು ಸಹ ಸರಿಯಾಗಿ ಗೊತ್ತಾಗಲಿಲ್ಲ.

ಮನೆಗೆ ಫೋನ್ ಮಾಡಬೇಡಿ ಎಂದು ಬೇಡುವ ಪತ್ರವೇ ಆ ಹುಡುಗಿಯರನ್ನು ಹಿಡಿದುಕೊಟ್ಟಿತ್ತು.

ಬಾಯಾರಿಗೆ ಹೇಳಿದ್ದು ನಾನು. ಮಿಶನ್ ಕಂಪೌಂಡಿನಲ್ಲಿ ನಿವೃತ್ತರಿಗೆ ಕೊಡುವ ಒಂದು ಖೋಲಿಯಲ್ಲಿ ಇದ್ದರು. ಕೇಳಿ, ನೆಲದ ಮೇಲೆ ಕೂತುಬಿಟ್ಟರು. ಅವರು ನೆಲದ ಮೇಲೆ ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ. ಅವರನ್ನು ಹಾಗೆ ನೋಡಬೇಕೆಂದು ಇಪ್ಪತ್ತು ವರ್ಷ ಆಸೆಪಟ್ಟವಳು ನಾನು. ನೋಡಿದಾಗ ಹೊಟ್ಟೆಯಲ್ಲಿ ಏನೂ ತಣ್ಣಗಾಗಲಿಲ್ಲ.

"ಬಬಲೇಶ್ವರದಾಕಿ ಮನಿ ಗೊತ್ತೈತೇನ?" ಎಂದರು.

ಸುದ್ದಿ ತಂದವರಿಂದಲೇ ಮನೆ ಕೇಳಿಕೊಂಡು ಮರುದಿನ ಬೆಳಿಗ್ಗೆ ಬಸ್ಸಿಗೆ ಹೋದೆವು, ನಾವಿಬ್ಬರೇ. ಅಕ್ಕ ಬಂದರೆ ಆ ಹುಡುಗಿಗೆ ಇನ್ನಷ್ಟು ಕಷ್ಟ ಎಂದು ಅವಳೇ ಹಿಂದೆ ಉಳಿದಳು. ಈ ಸಲ ಸೀಟಿನ ಮೇಲೆ ಅವರ ಪಕ್ಕದಲ್ಲೇ ಕೂತೆ.

ಮನೆಯ ಮುಂದೆ ಕಟ್ಟೆ, ಕಟ್ಟೆಯ ಮೇಲೆ ಹುಡುಗಿಯ ತಂದೆ. ಗಟ್ಟಿಮುಟ್ಟಾದ ಆಳು. ಕಾಲೇಜಿನ ಕಡೆಯವರೆಂದು ತಿಳಿದು ಎದ್ದು ನಿಂತ. ಬಾಯಾರು ತಾವು ಯಾರೆಂದು ಹೇಳಿದ ಕೂಡಲೇ ಮುಖ ಕೆಂಪಾಯಿತು. "ಆ ಚೀಟಿ ಹಂಚಿದಾಕಿ ನೀನ ಏನ? ನಡೀರಿ ಇಲ್ಲಿಂದ. ಮಂದಿ ನೋಡಾಕತ್ತಾರ."

"ಹೋಗ್ತೇನಿ. ಒಂದ ಮಾತ ಕೇಳಿ ಬಿಡ್ರಿ. ನಿಂತ ಹೇಳ್ತೇನಿ, ಕುಂದ್ರಸಬ್ಯಾಡ್ರಿ."

ಅವರು ಎಲ್ಲವನ್ನೂ ಹೇಳಿದರು. ಅಂಗಡಿಯ ಫೋನು, ಜೀಪು, ಹದಿನೈದು ದಿನ, ಎಂಟು ತಿಂಗಳು. ಬಿಸಿಲು ಏರಿತ್ತು. ಎದುರು ಮನೆಯವರು ಬಾಗಿಲಿಗೆ ಬಂದು ನಿಂತಿದ್ದರು. "ಆಕಿ ತಂದಿ ಕೆಟ್ಟವ ಇದ್ದಿಲ್ರಿ. ಮಂದಿ ಏನಂದಾರು ಅಂತ ಹೆದರಿದ. ಈಗ ಮಂದಿ ಎಲ್ಲಾ ಮರತಾರ. ಅವನ ಒಬ್ಬಾಂವ ಮರತಿಲ್ಲ. ನಿಮ್ಮ ಮಗಳಿಗೆ ಎರಡ ವರ್ಷದ ಓದ ಉಳದೈತಿ. ಸೊಲ್ಲಾಪುರದಾಗ ನನ್ನ ಕೈಯಾಗ ಕಲತಾಕಿ ಒಬ್ಬಾಕಿ ಅದಾಳ, ಅಲ್ಲೆ ಸೇರಸ್ತೇನಿ. ಮದಿವಿ ಅವಸರ ಮಾಡಬ್ಯಾಡ್ರಿ. ಇಷ್ಟ ಕೇಳಾಕ ಬಂದೆ."

ಒಳಗಿನಿಂದ ಒಬ್ಬ ಮುದುಕಿ ಬಂದಳು, ಅವನ ತಾಯಿ. ಬಾಯಾರನ್ನು ಮೇಲಿಂದ ಕೆಳಗೆ ನೋಡಿ, ನನ್ನ ಕಡೆ ತಿರುಗಿ ಕೇಳಿದಳು: "ಸತ್ತಾಕಿ ಗೆಳತಿ ಯಾರು? ನೀನ ಏನಬೇ?"

"ಹೌದ್ರಿ ಆಯೀ."

ಮುದುಕಿ ಒಳಗೆ ಹೋದಳು. ಒಂದು ತಂಬಿಗೆ ನೀರು ತಂದು ಬಾಯಾರ ಕೈಗೆ ಕೊಟ್ಟಳು. ಅವರು ನಿಂತೇ ಕುಡಿದರು. ತಂದೆ ತಲೆ ಎತ್ತದೆ, "ವಿಚಾರ ಮಾಡ್ತೇನಿ, ನಡೀರಿ" ಎಂದ. ಹುಡುಗಿಯ ಮುಖ ಆ ದಿನ ನಾವು ನೋಡಲಿಲ್ಲ.

ಒಂದೂವರೆ ತಿಂಗಳ ಮೇಲೆ ಅವನು ಮಗಳನ್ನು ತಾನೇ ಸೊಲ್ಲಾಪುರಕ್ಕೆ ಬಿಟ್ಟುಬಂದ. ಇನ್ನೊಬ್ಬಳಿಗಾಗಿ ಬಾಯಾರು ಒಂದು ವರ್ಷ ಅಲೆದರು. ಸಿಕ್ಕ ನಂಬರು ಬಂದ್ ಆಗಿತ್ತು. ಕಾಲೇಜಿನವರು ವಿಳಾಸ ಕೊಡಲಿಲ್ಲ. ಎರಡು ಊರಿಗೆ ಬಸ್ಸು ಹತ್ತಿ ಹೋಗಿ, ಆ ಹೆಸರಿನ ಮನೆ ಇಲ್ಲವೆಂದು ತಿರುಗಿ ಬಂದರು.

ಅಷ್ಟರಲ್ಲಿ ಚರ್ಚಿನ ಸಭೆಯ ಹಿರಿಯರು ಅವರನ್ನು ಕರೆಸಿ, ತಪ್ಪೊಪ್ಪಿಗೆ ಬರೆದುಕೊಡಿ ಎಂದರು. "ಬರದ ಕೊಡ್ತೇನಿ, ಆದ್ರ ನೀವು ಅಂದ ತಪ್ಪು ಅಲ್ಲ, ನಾ ಮಾಡಿದ ತಪ್ಪು" ಎಂದರಂತೆ. ಕಂಪೌಂಡಿನ ಖೋಲಿ ಹೋಯಿತು. ಚರ್ಚಿನ ಆರಾಧನೆಯಲ್ಲಿ ಎಲ್ಲರಿಗೂ ಹಂಚುವ ಪ್ರಭುಭೋಜನದ ರೊಟ್ಟಿ ಕೊಡುವುದನ್ನೂ ನಿಲ್ಲಿಸಿದರು. ಖೋಲಿ ಹೋದದ್ದಕ್ಕೆ ಅವರು ಅಳಲಿಲ್ಲ. ರೊಟ್ಟಿಗೆ ಅತ್ತರು. ಭಾನುವಾರ ಚರ್ಚಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಎಲ್ಲರೂ ಎದ್ದು ಮುಂದೆ ಹೋಗುವಾಗ ತಾವೊಬ್ಬರೇ ಕೂತಿರುತ್ತಿದ್ದರು.

ನನ್ನ ಮನೆಯ ಓಣಿಯಲ್ಲೇ ಒಂದು ಖೋಲಿ ಹಿಡಿದುಕೊಟ್ಟೆ. ಯಾಕೆ ಎಂದು ಅಕ್ಕ ಕೇಳಿದಳು. ಗೊತ್ತಿಲ್ಲ ಎಂದೆ. ಕಾಲು ಬಾತಾಗ ನೀರು ಕಾಸಿ ಕೊಟ್ಟೆ, ಬಿ.ಪಿ. ನೋಡಿದೆ. ಸಿರಿಂಜು ಹಿಡಿದ ನನ್ನ ಕೈ ನೋಡುತ್ತ ಒಮ್ಮೆ, "ಛಲೋ ಕೈ ನಿಂದು. ನಾನ ಕೆಡಸಿದೆ" ಎಂದರು. ನಾನು ಸೂಜಿ ತೆಗೆದು ಹತ್ತಿ ಒತ್ತಿದೆ. ಹಾಗೆ ನಾವು ಮೂರು ವರ್ಷ ಕಳೆದೆವು, ಆ ಮಾತನ್ನು ಮುಗಿಸದೆ.

ಅವರು ಹೋದದ್ದು ಒಂದು ಮಂಗಳವಾರ ಮಧ್ಯಾಹ್ನ, ಊಟದ ಮೇಲೆ ಕಣ್ಣು ಮುಚ್ಚಿದವರು. ಮಣ್ಣಿಗೆ ಸಭೆಯವರು ಜಾಗ ಕೊಟ್ಟರು, ಅಷ್ಟನ್ನು ಇಲ್ಲ ಎನ್ನಲಿಲ್ಲ. ಪ್ರಾರ್ಥನೆ ಬೇಗ ಮುಗಿಯಿತು. ನಾವು ಹನ್ನೊಂದು ಜನ: ಅಕ್ಕ ಮತ್ತು ಸಂಘದವರು, ಚಾಚಾ, ಈಗಿನ ಮೇಟ್ರನ್ ಮುಖಕ್ಕೆ ಸೆರಗು ಎಳೆದುಕೊಂಡು ದೂರದಲ್ಲಿ. ನನ್ನ ಪಾಳಿ ಬಂದಾಗ ಒಂದು ಹಿಡಿ ಮಣ್ಣು ಹಾಕಿದೆ. ಆಮೇಲೆ ಇನ್ನೊಂದು ಹಿಡಿ ತೆಗೆದುಕೊಂಡೆ. ಎರಡನೆಯದು ಬಾಯಾರಿಗೆ ಅಲ್ಲ. ಘೋಣಸಗಿಯವಳಿಗೆ ನಾನು ಹಾಕದೆ ಉಳಿದ ಮಣ್ಣು ಅದು. ಎಲ್ಲಿ ಹಾಕಬೇಕೆಂದು ಅಷ್ಟು ವರ್ಷ ತಿಳಿದಿರಲಿಲ್ಲ...

ಇದೆಲ್ಲ ಆಗಿ ನಾಲ್ಕು ವರ್ಷ. ಸಂಘ ಈಗ ಮಿಶನ್ ಕಾಲೇಜುಗಳಿಗೆ ಹೋಗುವುದಿಲ್ಲ. ಗೇಟು ತೆಗೆಸುವವರು ಯಾರೂ ಉಳಿದಿಲ್ಲ. ತೆಗೆಸಿ ಒಳಗೆ ಹೋಗುವ ಧೈರ್ಯ ನಮಗೂ ಉಳಿದಿಲ್ಲ. ನಾವು ಹೋಗದಿದ್ದರೆ ಆ ಇಬ್ಬರು ಹುಡುಗಿಯರು ತಮ್ಮ ಪಾಡಿಗೆ ಓದು ಮುಗಿಸುತ್ತಿದ್ದರೇ? ಈ ಪ್ರಶ್ನೆಯನ್ನು ಬಾಯಾರು ನನಗೆ ಬಿಟ್ಟುಹೋಗಿದ್ದಾರೆ.

ಬಬಲೇಶ್ವರದ ಹುಡುಗಿ ಸೊಲ್ಲಾಪುರದಲ್ಲಿ ಸ್ಟಾಫ್ ನರ್ಸ್ ಆಗಿದ್ದಾಳೆ. ಊರಿಗೆ ಹೋಗಿ ಬರುವಾಗ ದವಾಖಾನೆಗೆ ಬಂದು ಹತ್ತು ನಿಮಿಷ ಕೂರುತ್ತಾಳೆ. ಹೆಚ್ಚು ಮಾತಿನವಳಲ್ಲ. ತಂದೆ ಮದುವೆಯ ಮಾತು ಎತ್ತುತ್ತಾನೆ, ಅಜ್ಜಿ ತಡೆಯುತ್ತಾಳೆ ಎಂದಷ್ಟೇ ಹೇಳುತ್ತಾಳೆ. ನಿನ್ನೆಯೂ ಬಂದಿದ್ದಳು. ಚಹಾ ಕುಡಿದು, ಬ್ಯಾಗು ಹೆಗಲಿಗೆ ಹಾಕಿ, ಬಾಗಿಲ ತನಕ ಹೋಗಿ ನಿಂತಳು. ಪ್ರತಿ ಸಲ ಅಲ್ಲೇ ನಿಲ್ಲುತ್ತಾಳೆ.

"ಅಕ್ಕಾರ... ಆಕಿ ಸುದ್ದಿ ಏನರ ಬಂತೇನ್ರಿ?"

"ಇಲ್ಲವ್ವಾ" ಎಂದೆ.

ಅವಳು ತಲೆ ಅಲ್ಲಾಡಿಸಿ ಬಸ್ಸಿಗೆ ಹೋದಳು.